ಅಂಬಾಸಿಡರ್ ಟ್ಯಾಪೆಟ್ ಸೆಟ್ಟಿಂಗ್: ನಾಲ್ಕು ರೀತಿ ಮಾಡಿ ನೋಡಿದೆ, ಒಂದನ್ನು ಉಳಿಸಿಕೊಂಡೆ

ನಮ್ಮದು ಅಪ್ಪನ ಕಾಲದ ಅಂಬಾಸಿಡರ್. 1489 ಸಿಸಿ ಪೆಟ್ರೋಲ್ ಎಂಜಿನ್. ಎರಡು ವರ್ಷದ ಹಿಂದೆ ಕಲಬುರಗಿಯಲ್ಲೇ ಅದನ್ನು ಪೂರ್ತಿ ಬಿಚ್ಚಿಸಿ ಬೋರ್ ಮಾಡಿಸಿದೆ, ಪಿಸ್ಟನ್, ವಾಲ್ವ್, ಟ್ಯಾಪೆಟ್ ಎಲ್ಲ ಹೊಸದು ಹಾಕಿಸಿದೆ. ಗಾಡಿ ಮನೆಗೆ ಬಂದಾಗ ಸದ್ದೇ ಇರಲಿಲ್ಲ. ಎಷ್ಟು ಚೆನ್ನಾಗಿದೆ ಅಂತ ಖುಷಿಪಟ್ಟೆ. ಹತ್ತು ದಿನ ಕಳೆದ ಮೇಲೆ, ಮೇ ತಿಂಗಳ ಮಧ್ಯಾಹ್ನ ಸೇಡಂ ರಸ್ತೆಯಿಂದ ಬರುವಾಗ ಸಿಗ್ನಲ್‌ನಲ್ಲಿ ಗಾಡಿ ನಡುಗತೊಡಗಿತು, ಆಮೇಲೆ ಬಂದ್ ಆಯಿತು. ಬಿಸಿ ಇಳಿಯುವವರೆಗೆ ಮತ್ತೆ ಸ್ಟಾರ್ಟ್ ಆಗಲೇ ಇಲ್ಲ.

ಟ್ಯಾಪೆಟ್ ಪುಷ್ ರಾಡ್ ಅನ್ನುವ ಸಲಾಕೆಯನ್ನು ಎತ್ತುತ್ತೆ, ಆ ಸಲಾಕೆ ರಾಕರ್ ಅನ್ನುವ ತೋಳನ್ನು ಆಡಿಸುತ್ತೆ, ರಾಕರ್ ವಾಲ್ವ್ ಒತ್ತಿ ತೆರೆಯುತ್ತೆ. ವಾಲ್ವ್ ಮುಚ್ಚಿದ್ದಾಗ ರಾಕರ್ ಮತ್ತು ವಾಲ್ವ್ ನಡುವೆ ಬಿಡುವ ಸಂದೇ ಗ್ಯಾಪ್, ಅದನ್ನು ಸರಿಯಾಗಿ ಇಡುವುದೇ ಟ್ಯಾಪೆಟ್ ಸೆಟ್ಟಿಂಗ್. ಮರುದಿನ ಕವರ್ ತೆಗೆದು ನೋಡಿದರೆ ಎಂಟೂ ವಾಲ್ವ್‌ಗೆ ಗ್ಯಾಪೇ ಇಲ್ಲ. ಫೀಲರ್ ಗೇಜ್‌ನ (ಸಂದು ಅಳೆಯುವ ತೆಳು ತಗಡುಗಳ ಕಟ್ಟು) 2 ಥೌ ಬ್ಲೇಡ್ ಕೂಡ ಒಳಗೆ ಹೋಗಲಿಲ್ಲ. ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ಸೆಟ್ಟಿಂಗ್ ಮಾಡಿದ ಹುಡುಗ ಹೊಸ ಗಾಡಿಗಳ ಮೇಲೆ ಕೆಲಸ ಕಲಿತವನು. ಇದೂ ಹೈಡ್ರಾಲಿಕ್ ಟ್ಯಾಪೆಟ್ (ಒಳಗೆ ಆಯಿಲ್ ತುಂಬಿಕೊಂಡು ಗ್ಯಾಪನ್ನು ತಾನೇ ಮುಚ್ಚಿಕೊಳ್ಳುವಂಥದ್ದು) ಅಂದುಕೊಂಡು ಆಟ ಇಲ್ಲದ ಹಾಗೆ ಬಿಗಿದುಬಿಟ್ಟಿದ್ದ. ಎಂಜಿನ್ ಕಾದಾಗ ವಾಲ್ವ್ ಉದ್ದ ಆಗುತ್ತೆ. ಗ್ಯಾಪ್ ಇಲ್ಲದಿದ್ದರೆ ಅದು ಸೀಟ್ ಮೇಲೆ ಪೂರ್ತಿ ಕೂರುವುದಿಲ್ಲ. ಎಗ್ಸಾಸ್ಟ್ ವಾಲ್ವ್, ಅಂದರೆ ಹೊಗೆ ಹೊರಬಿಡುವ ವಾಲ್ವ್, ತನ್ನ ಬಿಸಿಯ ಹೆಚ್ಚಿನ ಪಾಲು ಬಿಡುವುದೇ ಸೀಟ್‌ಗೆ ತಾಗಿ ಕೂತಾಗ. ಕೂರದಿದ್ದರೆ ಅಂಚು ಸುಡುತ್ತೆ. ನನ್ನ ಮೂರನೇ ಸಿಲಿಂಡರ್‌ದು ಸುಟ್ಟೇ ಹೋಗಿತ್ತು.

ಹಾಗಾಗಿ ಮೊದಲು ಟ್ಯಾಪೆಟ್ ಯಾವ ಜಾತಿದು ಅಂತ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ. ರಾಕರ್ ಮೇಲೆ ಸ್ಕ್ರೂ, ಲಾಕ್ ನಟ್ ಇದ್ದರೆ ಸಾಮಾನ್ಯವಾಗಿ ಸಾಲಿಡ್, ಅಂದರೆ ಒಂದೇ ಗಟ್ಟಿ ತುಂಡಿನ ಟ್ಯಾಪೆಟ್. ಆದರೆ ಅದೊಂದನ್ನೇ ನಂಬಬೇಡಿ, ಅಮೆರಿಕದ ಕೆಲವು ಹಳೇ ಎಂಜಿನ್‌ಗಳಲ್ಲಿ ಹೈಡ್ರಾಲಿಕ್ ಇದ್ದರೂ ರಾಕರ್ ನಟ್ ತಿರುಗಿಸಿ ಸೆಟ್ ಮಾಡುವುದಿರುತ್ತೆ. ಟ್ಯಾಪೆಟ್ ಕೈಗೆ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ನಮ್ಮ ಗಾಡಿದು ಒಂದೇ ತುಂಡಿನ ಕಬ್ಬಿಣದ ಲೋಟದ ಹಾಗಿದೆ, ಒಳಗೆ ಪುಷ್ ರಾಡ್ ಕೂರುವ ಗುಳಿ, ಅಷ್ಟೇ. ಹೈಡ್ರಾಲಿಕ್‌ದು ಬೇರೆ. ಪಕ್ಕದಲ್ಲಿ ಆಯಿಲ್ ಹೋಗುವ ತೂತು, ಬಾಯಲ್ಲಿ ಸಣ್ಣ ಲಾಕ್ ರಿಂಗ್, ಆಯಿಲ್ ಖಾಲಿ ಮಾಡಿ ನಡುವೆ ಒತ್ತಿದರೆ ಒಳಗಿನ ಪ್ಲಂಜರ್ ಸ್ಪ್ರಿಂಗ್ ಮೇಲೆ ಇಳಿದು ಏಳುತ್ತೆ.

ಗೆಳೆಯನ ಬುಲೆಟ್ ಬೈಕ್ ಯುಸಿಇ (ಎಂಜಿನ್, ಗೇರ್ ಬಾಕ್ಸ್ ಒಂದೇ ಕೇಸಿನಲ್ಲಿರುವ) ಎಂಜಿನ್‌ದು, ಅದರಲ್ಲಿ ಹೈಡ್ರಾಲಿಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಟಿಕ್ ಟಿಕ್ ಅನ್ನುತ್ತೆ, ಆಯಿಲ್ ತುಂಬಿದ ತಕ್ಷಣ ಸುಮ್ಮನಾಗುತ್ತೆ. ವರ್ಷಗಟ್ಟಲೆ ಕವರ್ ತೆಗೆಯುವ ಕೆಲಸವಿಲ್ಲ, ಅದು ನಿಜಕ್ಕೂ ಸುಖ. ಆದರೆ ಆಯಿಲ್ ಬದಲಿಸುವುದು ತಡವಾದರೆ ಆ ಟಿಕ್ ಟಿಕ್ ನಿಲ್ಲುವುದಿಲ್ಲ. ಹಳೇ ಕ್ಯಾಸ್ಟ್ ಐರನ್ ಬುಲೆಟ್‌ನಲ್ಲಿ ಸಾಲಿಡ್. ಎಂಜಿನ್ ತಣ್ಣಗಿದ್ದಾಗ ಪುಷ್ ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಲ್ಲಿ ಬ್ಲೇಡೇ ಬೇಡ.

ಇನ್ನು ಅಂಬಾಸಿಡರ್. ಗ್ಯಾಪ್ 15 ಥೌ, ಅಂದರೆ 0.38 ಮಿ.ಮೀ. ನಾನು ಯಾವಾಗಲೂ ರಾತ್ರಿಯಿಡೀ ನಿಂತ ಗಾಡಿಗೇ ಮಾಡುವುದು, ಬೆಳಿಗ್ಗೆ ಆರಕ್ಕೆ, ಶಹಾಬಾದ್ ಕಲ್ಲಿನ ನೆಲ ಇನ್ನೂ ತಣ್ಣಗಿರುವಾಗ.

ಮೊದಲು ಮಾಡಿದ್ದು ಚಾಚಾನ ರೀತಿ. ನಮ್ಮ ಓಣಿಯ ಹಳೇ ಮಿಸ್ತ್ರಿ. ಫೀಲರ್ ಗೇಜ್ ಕೊಟ್ಟರೆ ಪಕ್ಕಕ್ಕಿಟ್ಟು, "ಬೆರಳಿಗಿ ಗೊತ್ತಾಗ್ತದ ಬೇಟಾ, ಬ್ಲೇಡ್ ಯಾಕ ಬೇಕು?" ಅಂದರು. ರಾಕರ್ ಹಿಡಿದು ಅಲ್ಲಾಡಿಸಿ ಹತ್ತೇ ನಿಮಿಷದಲ್ಲಿ ಎಂಟೂ ಮುಗಿಸಿದರು. ಆಮೇಲೆ ನಾನು ಅಳೆದೆ. ಆರು ವಾಲ್ವ್ 14ರಿಂದ 16ರೊಳಗೆ ಇದ್ದವು, ಎರಡು ಮಾತ್ರ 18. ಅವರ ಬೆರಳಿಗೆ ದೊಡ್ಡ ನಮಸ್ಕಾರ. ನಾನು ಹಾಗೇ ಮಾಡಲು ಹೋದಾಗ 9ರಿಂದ 22ರವರೆಗೆ ಬಂತು. ಅದು ನಲವತ್ತು ವರ್ಷ ಕೈ ಪಳಗಿದವರ ಕೆಲಸ, ನಮ್ಮ ನಿಮ್ಮದಲ್ಲ.

ಎರಡನೇದು ಎಂಜಿನ್ ಓಡುವಾಗಲೇ ಮಾಡುವುದು. ಹಳೇ ಡ್ರೈವರ್‌ಗಳಿಗೆ ತುಂಬಾ ಇಷ್ಟ. ಒಂದೇ ಸಲ ಮಾಡಿದೆ, ಮತ್ತೆ ಮಾಡುವುದಿಲ್ಲ. ಬಿಸಿ ಆಯಿಲ್ ಮೊಣಕೈವರೆಗೆ ಹಾರುತ್ತೆ, ರಾಕರ್ ಬಡಿದು ಬಡಿದು ಬ್ಲೇಡ್‌ನ ಅಂಚು ಹಾಳಾಗುತ್ತೆ, ಬಿಗಿ ಎಷ್ಟು ಅಂತ ಕೈಗೆ ತಿಳಿಯುವುದೇ ಇಲ್ಲ. ಒಂದು ಉಪಯೋಗ ಮಾತ್ರ ಇದೆ. ಯಾವ ವಾಲ್ವ್ ಸದ್ದು ಮಾಡುತ್ತಿದೆ ಅಂತ ಹುಡುಕಲು ಒಂದೊಂದಕ್ಕೇ ಬ್ಲೇಡ್ ತೂರಿಸಿ ನೋಡಬಹುದು, ಸದ್ದು ಎಲ್ಲಿ ನಿಂತಿತೋ ಅದೇ.

ಮೂರನೇದು ಸಿಲಿಂಡರ್ ಲೆಕ್ಕ. ನಾಲ್ಕನೇ ಸಿಲಿಂಡರ್‌ನ ಎರಡೂ ವಾಲ್ವ್ ಒಟ್ಟಿಗೆ ಆಡುವಾಗ, ಅಂದರೆ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುವಾಗ, ಒಂದನೇ ಸಿಲಿಂಡರ್‌ದು ಸೆಟ್ ಮಾಡುವುದು. ಹಾಗೇ ಎರಡಕ್ಕೆ ಮೂರು ಜೋಡಿ. ನಾಲ್ಕೇ ಸಲ ನಿಲ್ಲಿಸಿದರೆ ಮುಗಿಯಿತು. ಫಲಿತಾಂಶ ಒಳ್ಳೆಯದೇ. ತೊಂದರೆ ಏನೆಂದರೆ ಆ ಆಡುವ ಜಾಗ ತುಂಬಾ ಚಿಕ್ಕದು, ಒಬ್ಬರು ಮುಂದಿನಿಂದ ಎಂಜಿನ್ ಸುತ್ತಿಸುವ ಹ್ಯಾಂಡಲ್ ತಿರುಗಿಸಬೇಕು, ಇನ್ನೊಬ್ಬರು ರಾಕರ್ ನೋಡಬೇಕು. ನನ್ನ ತಮ್ಮ ಮನೆಯಲ್ಲಿದ್ದರೆ ಇದೇ ಬೇಗ.

ನಾಲ್ಕನೇದು ಒಂಬತ್ತರ ಲೆಕ್ಕ. ನಾನು ಉಳಿಸಿಕೊಂಡದ್ದು ಇದನ್ನೇ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳನ್ನು 1ರಿಂದ 8ರವರೆಗೆ ಎಣಿಸಿ. ಪೂರ್ತಿ ಕೆಳಗೆ ಒತ್ತಿರುವ ವಾಲ್ವ್‌ನ ನಂಬರನ್ನು 9ರಿಂದ ಕಳೆದರೆ ಸೆಟ್ ಮಾಡಬೇಕಾದ ವಾಲ್ವ್ ಸಿಗುತ್ತೆ. ಎಂಟನೇದು ಒತ್ತಿದ್ದರೆ ಒಂದನೇದು, ಆರನೇದು ಒತ್ತಿದ್ದರೆ ಮೂರನೇದು. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್ ಉರಿಯುವ ಸರದಿ, 1-3-4-2, ಹಾಗಾಗಿ ಹ್ಯಾಂಡಲ್ ತಿರುಗಿಸುತ್ತಾ ಹೋದರೆ 1, 3, 5, 2, 8, 6, 4, 7 ಹೀಗೆ ಸಾಲಾಗಿ ಒತ್ತುತ್ತವೆ. ಎರಡು ಸುತ್ತಿಗೆ ಎಂಟೂ ಮುಗಿಯುತ್ತೆ. ಎಂಟು ಸಲ ನಿಲ್ಲಿಸಬೇಕು ನಿಜ, ಆದರೆ ಸ್ವಲ್ಪ ಆಚೀಚೆ ಆದರೂ ನಡೆಯುತ್ತೆ. ಪುಲ್ಲಿ ಮಾರ್ಕ್ ಹುಡುಕಲು ಬಗ್ಗಬೇಕಿಲ್ಲ. ಪ್ಲಗ್ ನಾಲ್ಕೂ ಬಿಚ್ಚಿಟ್ಟರೆ ಹ್ಯಾಂಡಲ್ ಹಗುರ, ಒಬ್ಬರೇ ಅರ್ಧ ಗಂಟೆಯಲ್ಲಿ ಮಾಡಬಹುದು.

ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಾನೂ ಸ್ವಲ್ಪ ತಿರುಗುತ್ತೆ, ಸ್ಕ್ರೂಡ್ರೈವರ್ ಒತ್ತಿ ಹಿಡಿದುಕೊಂಡೇ ಬಿಗಿಯಿರಿ. ಬಿಗಿದ ಮೇಲೆ ಮತ್ತೊಮ್ಮೆ ಬ್ಲೇಡ್ ಹಾಕಿ. ಬ್ಲೇಡ್ ಹಿಡಿದು ಹಿಡಿದು ಬರಬೇಕು, ಜಾರಿಬಿಡಬಾರದು.

ಇಷ್ಟಾದರೂ ಒಂದು ರಾಕರ್ ನನ್ನನ್ನು ಕಾಡಿತು. 15ಕ್ಕೆ ಇಟ್ಟರೂ ಟಕ ಟಕ. ಬಿಚ್ಚಿ ಬೆಳಕಿಗೆ ಹಿಡಿದು ಉಗುರು ಎಳೆದೆ, ವಾಲ್ವ್ ಬಡಿಯುವ ಜಾಗದಲ್ಲಿ ಉಗುರು ಸಿಕ್ಕಿಕೊಂಡಿತು. ಸಣ್ಣ ಗುಳಿ ಬಿದ್ದಿದೆ. ಬ್ಲೇಡ್ ಅಗಲ, ಅದು ಗುಳಿಯ ಎರಡು ದಂಡೆಗೆ ತಾಗಿ 15 ಅನ್ನುತ್ತೆ, ಒಳಗೆ ನಿಜವಾದ ಗ್ಯಾಪ್ ಜಾಸ್ತಿ. ಇಂಥದ್ದಕ್ಕೆ ಡಯಲ್ ಗೇಜ್ (ರಾಕರ್ ಎಷ್ಟು ಆಡುತ್ತೆ ಅಂತ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಸರಿ. ಲೇತ್‌ನವರ ಹತ್ತಿರ ಒಂದು ದಿನಕ್ಕೆ ಕೇಳಿ ತಂದೆ, ಅದರಲ್ಲಿ 20 ತೋರಿಸಿತು. ರಾಕರ್ ಬದಲಿಸಿದೆ, ಸದ್ದು ಹೋಯಿತು.

ಹೊಸದಾಗಿ ಎಂಜಿನ್ ಕಟ್ಟಿಸಿದವರು ಸಿಲಿಂಡರ್ ಹೆಡ್‌ನ ನಟ್‌ಗಳನ್ನು ಮತ್ತೊಮ್ಮೆ ಬಿಗಿದ ಮೇಲೆ ಗ್ಯಾಪ್ ತಪ್ಪದೆ ನೋಡಿ. ಹೆಡ್ ಕೆಳಗೆ ಕೂತಷ್ಟೂ ಗ್ಯಾಪ್ ಕಡಿಮೆ ಆಗುತ್ತೆ. ಇನ್ನೊಂದು, 2000ದ ಫೆಬ್ರವರಿಯಿಂದ ದೇಶದ ತುಂಬಾ ಸೀಸವಿಲ್ಲದ ಪೆಟ್ರೋಲೇ ಸಿಗುವುದು. ಮೊದಲು ಆ ಸೀಸ ಹಳೇ ಕಬ್ಬಿಣದ ಸೀಟ್‌ಗಳನ್ನು ಕಾಯುತ್ತಿತ್ತು. ಈಗ ಸೀಟ್ ಸವೆದು ಎಗ್ಸಾಸ್ಟ್ ವಾಲ್ವ್ ಒಳಗೆ ಇಳಿಯುತ್ತೆ, ಗ್ಯಾಪ್ ಸದ್ದಿಲ್ಲದೆ ಮುಚ್ಚುತ್ತಾ ಬರುತ್ತೆ. ಟಕ ಟಕ ಅನ್ನುವ ಟ್ಯಾಪೆಟ್‌ಗಿಂತ ಸುಮ್ನೆ ಇರುವ ಟ್ಯಾಪೆಟ್‌ಗೇ ನಾನು ಜಾಸ್ತಿ ಹೆದರುವುದು.

ಹೋದ ಭಾನುವಾರ ಮತ್ತೆ ಅಳೆದೆ. ಏಳು ವಾಲ್ವ್ 15ರಲ್ಲೇ ಇದ್ದವು. ಐದನೇದು, ಅದೇ ಮೂರನೇ ಸಿಲಿಂಡರ್‌ನ ಎಗ್ಸಾಸ್ಟ್, 13ಕ್ಕೆ ಇಳಿದಿತ್ತು. 15ಕ್ಕೆ ಇಟ್ಟು, ಕವರ್ ಒಳಗಡೆ ಮಾರ್ಕರ್‌ನಲ್ಲಿ ಕಿಲೋಮೀಟರ್ ಬರೆದಿಟ್ಟಿದ್ದೇನೆ. ಇನ್ನು ಸಾವಿರ ಓಡಿದ ಮೇಲೆ ಮೊದಲು ಅದನ್ನೇ ನೋಡುತ್ತೇನೆ.