ಪೇಟೆಂಟ್ ಮಾಡಿಸೋದಾ, ಗುಟ್ಟಾಗಿ ಇಡೋದಾ?

ಹೊಸದೇನೋ ಕಂಡುಹಿಡಿದಿದ್ದೀರಿ. ಪೇಟೆಂಟ್‌ಗೆ ಅರ್ಜಿ ಹಾಕಬೇಕಾ, ಇಲ್ಲ ಸುಮ್ನೆ ಬಾಯಿ ಮುಚ್ಚಿಕೊಂಡಿರಬೇಕಾ? ನಾನು ಮೊದಲು ಕೇಳುವುದು ಇಷ್ಟೇ: ಕೊಂಡವರು ಬಿಚ್ಚಿ ನೋಡಿದರೆ ಗುಟ್ಟು ಗೊತ್ತಾಗುತ್ತಾ?

ವ್ಯಾಯಾಮದ ಸೈಕಲ್ಲನ್ನೇ ನೋಡಿ. ಎಷ್ಟೋ ಮಾದರಿಗಳಲ್ಲಿ ಚಕ್ರದ ಪಕ್ಕ ಅಯಸ್ಕಾಂತ ಇರುತ್ತದೆ. ನಾಬ್ ತಿರುಗಿಸಿದರೆ ಅದು ಚಕ್ರದ ಹತ್ತಿರ ಸರಿಯುತ್ತದೆ, ಪೆಡಲ್ ಬಿಗಿಯಾಗುತ್ತದೆ. ನಾಲ್ಕು ಸ್ಕ್ರೂ ತೆಗೆದರೆ ಎಲ್ಲಾ ಬಯಲು. ಇಂಥದ್ದಕ್ಕೆ ಪೇಟೆಂಟೇ ಸರಿ. ಹೆಚ್ಚಿನ ದೇಶಗಳಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ ರಕ್ಷಣೆ ಸಿಗುತ್ತದೆ. ಆದರೆ ಶುಲ್ಕ ಕಟ್ಟುತ್ತಾ ಇರಬೇಕು, ಮತ್ತೆ ಸಾಮಾನ್ಯವಾಗಿ 18 ತಿಂಗಳಿಗೆ ನಿಮ್ಮ ವಿವರವೆಲ್ಲ ಪ್ರಕಟವಾಗುತ್ತದೆ. ಅರ್ಜಿಗೆ ಮುಂಚೆ ಯಾರಿಗೂ ತೋರಿಸಬೇಡಿ, ಪ್ರದರ್ಶನದಲ್ಲಂತೂ ಬೇಡವೇ ಬೇಡ.

ಕಾರ್ಖಾನೆಯ ವಿಧಾನದ ಕಥೆ ಬೇರೆ. ಉಕ್ಕಿನ ಬಿಡಿಭಾಗವನ್ನು ಎಷ್ಟು ಕಾಯಿಸಿ, ಎಷ್ಟು ನಿಧಾನ ತಣಿಸಿದಿರಿ ಅನ್ನೋದನ್ನು ತಯಾರಾದ ಮಾಲು ನೋಡಿ ಪೂರ್ತಿ ಹೇಳೋದು ಕಷ್ಟ. ಇಂಥದ್ದನ್ನು ಗುಟ್ಟಾಗಿ ಇಡಬಹುದು. ಗುಟ್ಟಿಗೆ ಇಷ್ಟೇ ವರ್ಷ ಅನ್ನೋ ಅವಧಿಯೂ ಇಲ್ಲ. ಅಪಾಯ ಒಂದಿದೆ: ಇನ್ನೊಬ್ಬರು ತಾವಾಗಿಯೇ ಅದನ್ನು ಕಂಡುಕೊಂಡರೆ ತಡೆಯೋಕಾಗಲ್ಲ.

ವಿಡಿಯೋ ಗೇಮ್‌ನಲ್ಲಿ ತೆರೆಯ ಮೇಲೆ ಕಾಣುವುದನ್ನು ಬಚ್ಚಿಡೋದು ಹೇಗೆ, ಅಲ್ವಾ? ಆಟ ಲೋಡ್ ಆಗುವಾಗ ಬೇರೊಂದು ಪುಟ್ಟ ಆಟ ಆಡಿಸುವ ಉಪಾಯಕ್ಕೆ ಜಪಾನಿನ ಗೇಮ್ ಕಂಪನಿ ನಾಮ್ಕೋ ಪೇಟೆಂಟ್ ಪಡೆದಿತ್ತು. ಅದು 2015ರಲ್ಲಿ ಮುಗಿಯಿತು. ಈಗ ಯಾರು ಬೇಕಾದರೂ ಬಳಸಬಹುದು.