ಕಂಡೆನ್ಸರ್, ಕಾಲರ್, ಡೈನಾಮಿಕ್: ಮನೆಯ ಪಾಡ್‌ಕಾಸ್ಟ್‌ಗೆ ಯಾವ ಮೈಕ್?

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲೇ ಕೂತು ಪಾಡ್‌ಕಾಸ್ಟ್ ಶುರು ಮಾಡುವವರು ಡೈನಾಮಿಕ್ ಮೈಕ್ ತಗೊಳ್ಳಿ, ಅಂದರೆ ವೇದಿಕೆಯಲ್ಲಿ ಹಾಡುವವರು ಕೈಯಲ್ಲಿ ಹಿಡಿಯುವ ಜಾತಿಯದು. ನಾನು ಮೊದಲು ನಾಲ್ಕೂವರೆ ಸಾವಿರ ಕೊಟ್ಟು, ಸ್ಟುಡಿಯೋಗಳಲ್ಲಿ ಬಳಸುವಂಥ ಕಂಡೆನ್ಸರ್ ಮೈಕ್ ತಂದೆ. ಆಮೇಲೆ ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕ್, ಕೊನೆಗೆ ಡೈನಾಮಿಕ್. ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟು, ಒಂದೇ ಕತೆ ಓದಿ, ಹೆಡ್‌ಫೋನ್‌ನಲ್ಲಿ ಕೇಳಿ ನೋಡಿದ್ದೇನೆ.

ಧಾರವಾಡದಲ್ಲಿ ನಮ್ಮದು ಬಾಡಿಗೆ ಮನೆ. ರಸ್ತೆ ಪಕ್ಕದ ಸಣ್ಣ ಕೋಣೆ. ನೆಲಕ್ಕೆ ಟೈಲ್ಸ್, ಗೋಡೆ ಖಾಲಿ. ಚಪ್ಪಾಳೆ ತಟ್ಟಿದರೆ ಸದ್ದು ಒಂದು ಕ್ಷಣ ಝಣ್ ಅಂತ ಉಳಿಯುತ್ತದೆ. ಅಲ್ಲಿಂದಲೇ ವಾರಕ್ಕೊಂದು ಮಕ್ಕಳ ಕತೆ ಹೇಳುತ್ತೇನೆ.

ಕಂಡೆನ್ಸರ್ ಮೈಕಿನೊಳಗಿನ ಪರದೆ ತುಂಬಾ ತೆಳು, ಹಗುರ. ಸಣ್ಣ ಸದ್ದಿಗೂ ಅದು ಅಲುಗುತ್ತದೆ. ಸ್ಟುಡಿಯೋದಲ್ಲಿ ಅದೇ ಅದರ ಗುಣ. ನಮ್ಮ ಕೋಣೆಯಲ್ಲಿ ಪಕ್ಕದ ಮನೆಯ ಕುಕ್ಕರ್ ಸೀಟಿ, ಮಿಕ್ಸಿ, ಆಟೋ ಎಲ್ಲ ಬಂತು. ಅವಕ್ಕಾದರೂ ಕಾಯಬಹುದು, ಸದ್ದು ನಿಂತ ಮೇಲೆ ಆ ಸಾಲನ್ನು ಮತ್ತೆ ಓದಬಹುದು. ಗೋಡೆಗೆ ಬಡಿದು ವಾಪಸ್ ಬರುವ ನನ್ನದೇ ದನಿಗೆ ಏನು ಮಾಡುವುದು? ಅದು ಪ್ರತಿ ಮಾತಿನ ಬಾಲಕ್ಕೂ ಅಂಟಿಕೊಂಡಿರುತ್ತದೆ. ರೆಕಾರ್ಡಿಂಗ್ ತಿದ್ದುವ ಆಡಾಸಿಟಿ ಸಾಫ್ಟ್‌ವೇರ್‌ನ ನಾಯ್ಸ್ ರಿಡಕ್ಷನ್ ಫ್ಯಾನಿನಂಥ ಒಂದೇ ಸಮನೆ ಬರುವ ಸದ್ದನ್ನು ತೆಗೆಯುತ್ತದೆ, ಪ್ರತಿಧ್ವನಿಯನ್ನಲ್ಲ.

ಇದರ ಮೇಲೆ ಇನ್ನೊಂದು ಕಾಟ. ರೆಕಾರ್ಡಿಂಗ್‌ನಲ್ಲಿ ಮಾತಿನ ಹಿಂದೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಫ್ಯಾನ್ ಆರಿಸಿದೆ, ಹೋಗಲಿಲ್ಲ. ಟ್ಯೂಬ್‌ಲೈಟ್ ಆರಿಸಿದೆ. ಫ್ರಿಜ್ ಬಂದ್ ಮಾಡಿದೆ, ಅಮ್ಮ ಹಾಲು ಕೆಡುತ್ತದೆ ಅಂತ ಬೈದರು. ಯುಎಸ್‌ಬಿ ವೈರ್ ಬದಲಿಸಿದೆ. ಮೈಕೇ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಒಯ್ದರೆ ಅಲ್ಲಿ ಸರಿಯಾಗಿಯೇ ಇತ್ತು. ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ಸದ್ದೇನೋ ಹೋಯಿತು, ಆದರೆ ನನ್ನ ದನಿ ನೀರೊಳಗಿಂದ ಮಾತಾಡಿದ ಹಾಗಾಯಿತು. ಹೀಗೇ ಎರಡು ವಾರ ಕಳೆದವು.

ಒಂದು ಸಂಜೆ ಓದುತ್ತಿರುವಾಗಲೇ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತಿತ್ತು, ನಾನು ಓದುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಕೇಳಿದರೆ ಕರೆಂಟ್ ಹೋದ ಕ್ಷಣದಿಂದ ಗುಂಯ್ ಮಾಯ! ಕರೆಂಟ್ ಬಂದ ಮೇಲೆ ಚಾರ್ಜರ್ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದೆ. ಹಾಕಿದಾಗ ಇತ್ತು, ತೆಗೆದಾಗ ಇಲ್ಲ. ಹಳೆ ಮನೆಯ ವೈರಿಂಗ್, ಆ ಪ್ಲಗ್ಗಿಗೆ ಅರ್ಥಿಂಗ್ ಸರಿ ಇರಲಿಲ್ಲ. ಚಾರ್ಜರ್‌ನಿಂದ ಲ್ಯಾಪ್‌ಟಾಪ್‌ಗೆ, ಅಲ್ಲಿಂದ ವೈರ್ ಹಿಡಿದು ಮೈಕಿಗೆ ಆ ಸದ್ದು ಹರಿದು ಬರುತ್ತಿತ್ತು. ನಮ್ಮ ಮನೆಗಳ ಕರೆಂಟ್ 50 ಹರ್ಟ್ಸ್. ಹಾಗಾಗಿ ಈ ಗುಂಯ್ 50, 100, 150 ಹರ್ಟ್ಸ್ ಹೀಗೆ ಮೇಲಕ್ಕೆ ಹೋಗುತ್ತದೆ. ಮಾತಿನ ದನಿಯೂ ಅಲ್ಲೇ ಸುತ್ತಮುತ್ತ ಇರುವುದರಿಂದ ಒಂದನ್ನು ಕತ್ತರಿಸಿದರೆ ಇನ್ನೊಂದೂ ತೆಳುವಾಗುತ್ತದೆ.

ಈಗ ಚಾರ್ಜ್ ತುಂಬಿಸಿ, ಪ್ಲಗ್ ಕಿತ್ತು, ಆಮೇಲೆ ರೆಕಾರ್ಡ್ ಮಾಡುತ್ತೇನೆ. ಡೈನಾಮಿಕ್ ಮೈಕಿಗೂ ಇದೇ ಪಾಠ, ಚಾರ್ಜರ್ ಹಾಕಿದರೆ ಅದರಲ್ಲೂ ಸದ್ದು ಬಂತು. ದಯವಿಟ್ಟು ಯಾರೂ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವಂಥ ಉಪಾಯ ಮಾಡಬೇಡಿ, ಜೀವಕ್ಕೇ ಅಪಾಯ.

ಕಾಲರ್ ಮೈಕಿಗೆ ಎಂಟುನೂರು ರೂಪಾಯಿ ಕೊಟ್ಟೆ. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ತಲೆ ಎತ್ತ ತಿರುಗಿಸಿದರೂ ದನಿ ಹೆಚ್ಚು ಏರಿಳಿಯುವುದಿಲ್ಲ. ಆದರೆ ಸುತ್ತಲಿನ ಸದ್ದನ್ನೂ ಹಿಡಿಯುತ್ತದೆ, ದುಪ್ಪಟ್ಟಾ ತಾಗಿದರೆ ಸರಸರ ಅನ್ನುತ್ತದೆ. ಊರಿಗೆ ಹೋದಾಗ ಅಜ್ಜಿಯ ಕತೆ ರೆಕಾರ್ಡ್ ಮಾಡಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಮುಖದ ಎದುರು ಮೈಕ್ ಇದ್ದರೆ ಅಜ್ಜಿಗೆ ಮಾತೇ ಬರುವುದಿಲ್ಲ. ಸೀರೆ ಸೆರಗಿಗೆ ಸಿಕ್ಕಿಸಿದ್ದನ್ನು ಐದು ನಿಮಿಷದಲ್ಲಿ ಮರೆತೇಬಿಟ್ಟರು.

ಇನ್ನು ನನ್ನ ಮೆಚ್ಚಿನ ಡೈನಾಮಿಕ್. ಬಾಯಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಇಟ್ಟು ಮಾತಾಡಬೇಕು. ದೂರ ಅರ್ಧ ಆದರೆ ದನಿ ಸುಮಾರು 6 ಡೆಸಿಬಲ್ ಏರುತ್ತದೆ. ದನಿ ಜೋರಾಗಿ ಸಿಕ್ಕಿದ ಮೇಲೆ ಗೇನ್ (ಮೈಕಿನ ಸದ್ದನ್ನು ಎಷ್ಟು ಹೆಚ್ಚಿಸಬೇಕು ಅನ್ನುವ ಮಟ್ಟ) ಇಳಿಸಬಹುದು, ಅದರ ಜೊತೆಗೆ ಕೋಣೆಯೂ ರಸ್ತೆಯೂ ಹಿಂದೆ ಸರಿಯುತ್ತವೆ. ಇದು ಹತ್ತಿರದಿಂದ ಮಾತಾಡಲೆಂದೇ ಇರುವ ಮೈಕ್. ಆದರೆ ಹತ್ತಿರ ಬಂದಾಗ ನಮ್ಮ ಪ, ಫ, ಬ, ಭ ಕಾಟ ಕೊಡುತ್ತವೆ. ‘ಭೂಮಿ’, ‘ಫಲ’ ಅಂದರೆ ಸಾಕು, ಗಾಳಿ ಢಬ್ ಅಂತ ಬಡಿಯುತ್ತದೆ. ಸ್ಪಂಜ್ ಟೋಪಿ ಹಾಕಿ, ಮೈಕನ್ನು ಬಾಯಿಯ ನೇರಕ್ಕಲ್ಲದೆ ಸ್ವಲ್ಪ ಓರೆಯಾಗಿ ಇಟ್ಟರೆ ಹೋಗುತ್ತದೆ. ಪುಸ್ತಕದ ಪುಟ ನೋಡಲು ಪಕ್ಕಕ್ಕೆ ತಿರುಗಿದರೆ ಮಾತ್ರ ದನಿ ಕುಸಿಯುತ್ತದೆ. ಅದಕ್ಕೆ ಪುಸ್ತಕವನ್ನು ಮೈಕಿನ ಹಿಂದೆಯೇ ನಿಲ್ಲಿಸಿದೆ.

ಕೊಳ್ಳುವಾಗ ಯುಎಸ್‌ಬಿ ಜೊತೆ ಎಕ್ಸ್‌ಎಲ್‌ಆರ್ (ಸ್ಟುಡಿಯೋ ಉಪಕರಣಗಳಿಗೆ ಜೋಡಿಸುವ ಮೂರು ಪಿನ್ನಿನ ಕನೆಕ್ಟರ್) ಕೂಡ ಇರುವುದನ್ನೇ ನೋಡಿ. ಸ್ಯಾಮ್ಸನ್ ಕ್ಯೂ2ಯು, ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್ ಈ ಜಾತಿಯವು. ಮೈಕಿನಲ್ಲೇ ಹೆಡ್‌ಫೋನ್ ತೂತು ಇರುವುದರಿಂದ ಮಾತಾಡುತ್ತಿರುವಾಗಲೇ ನಿಮ್ಮ ದನಿ ನಿಮಗೆ ಕೇಳುತ್ತದೆ.

ಫೋಮ್ ಹಾಳೆಗೆ ದುಡ್ಡು ಹಾಕುವ ಬದಲು ಕೌದಿ ಕಟ್ಟಿ. ನಮ್ಮ ಮನೆಯ ಎರಡು ಕೌದಿಗಳನ್ನು ಹಗ್ಗಕ್ಕೆ ಹಾಕಿ ನನ್ನ ಬೆನ್ನ ಹಿಂದೆ ಕಟ್ಟುತ್ತೇನೆ. ಮೈಕ್ ನೋಡುವುದು ಆ ದಿಕ್ಕನ್ನೇ ಅಲ್ವಾ? ಹೊರಗಿನ ಸದ್ದನ್ನು ಕೌದಿ ತಡೆಯುವುದಿಲ್ಲ, ಪ್ರತಿಧ್ವನಿಯನ್ನು ಚೆನ್ನಾಗಿ ನುಂಗುತ್ತದೆ.

ಕೊನೆಗೆ ಆಡಾಸಿಟಿಯಲ್ಲಿ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಮೊನೊ (ಒಂದೇ ಚಾನೆಲ್‌ನ) ಫೈಲನ್ನು ಮೈನಸ್ 19 ಎಲ್‌ಯುಎಫ್‌ಎಸ್‌ಗೆ (ಇದು ಒಟ್ಟು ದನಿ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವ ಅಳತೆ) ತರುತ್ತೇನೆ. ಅಷ್ಟೇ.

ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದ್ದರೆ ಕಾಲರ್ ಮೈಕ್ ತಗೊಂಡು ಕೌದಿ ಕಟ್ಟಿ. ಸ್ವಲ್ಪ ಕಾಯಬಲ್ಲಿರಾದರೆ ದುಡ್ಡು ಕೂಡಿಸಿ ಡೈನಾಮಿಕ್ಕೇ ತಗೊಳ್ಳಿ. ನನ್ನ ಕಂಡೆನ್ಸರನ್ನು ಹಿಂದೂಸ್ತಾನಿ ಹಾಡುವ ಗೆಳತಿಗೆ ಅರ್ಧ ಬೆಲೆಗೆ ಕೊಟ್ಟೆ. ಅವಳ ಮನೆ ಹೊಲದ ನಡುವೆ ಇದೆ. ಕಳೆದ ವಾರ ಕಳಿಸಿದ ರೆಕಾರ್ಡಿಂಗ್‌ನಲ್ಲಿ ತಂಬೂರಿಯ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು.