ಅವ್ವನಿಗೆ ಕಳಿಸಿದ ರೊಕ್ಕ, ಅಕ್ಕನ ಬಾಡಿಗೆ ನೆರವು: ಒಂದು ಉಚಿತ ಸಲಹಾ ಕೇಂದ್ರದ ಅನುಭವ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಪಟ್ಟಣವೊಂದರಲ್ಲಿ ಬಾಡಿಗೆ ಮನೆಯಲ್ಲಿರುವ ನನ್ನ ಅಕ್ಕನ ಸಲುವಾಗಿ ಅಲ್ಲಿನ ಒಂದು ಉಚಿತ ಸಲಹಾ ಕೇಂದ್ರದ ಸೇವೆಯನ್ನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕುಳಿತೇ ಮೂರು ತಿಂಗಳು ಪಡೆದಿದ್ದೇನೆ. ಹೊರದೇಶದಲ್ಲಿ ದುಡಿದು ಅಲ್ಲಿಯೇ ವಯಸ್ಸಾದ ಅಕ್ಕಂದಿರು, ಅಣ್ಣಂದಿರು ನಮ್ಮ ಕಡೆಯ ಎಷ್ಟೋ ಮನೆತನಗಳಲ್ಲಿ ಇರುವುದರಿಂದ ಈ ಅನುಭವವನ್ನು ವಿವರವಾಗಿ ಬರೆಯುತ್ತಿದ್ದೇನೆ.

ಅಕ್ಕ 2024ರಲ್ಲಿ 66 ತುಂಬಿ ಕೆಲಸ ಬಿಟ್ಟಳು. ಬಾಡಿಗೆಗೆ ನೆರವಾಗಲೆಂದು ಅಲ್ಲಿನ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಹೌಸಿಂಗ್ ಬೆನಿಫಿಟ್ ಅರ್ಜಿ ಹಾಕಿದಳು. ಅವಳ ಖಾತೆಯಲ್ಲಿ ಉಳಿದಿದ್ದದ್ದು 12,000 ಪೌಂಡ್. ಆದರೆ ಬ್ಯಾಂಕ್ ವಿವರದಲ್ಲಿ 2022ರಲ್ಲಿ ನನ್ನ ಹೆಸರಿಗೆ ಬಂದ 9,000 ಪೌಂಡ್ ಕಾಣಿಸಿತು. ಅವ್ವ ಬಿದ್ದು ಸೊಂಟದ ಎಲುಬು ಮುರಿದಾಗ ಶಸ್ತ್ರಚಿಕಿತ್ಸೆಗೆ, ಆಮೇಲೆ ಹಗಲು ರಾತ್ರಿ ನೋಡಿಕೊಳ್ಳುವವರ ಸಂಬಳಕ್ಕೆ ಅಕ್ಕ ಕಳಿಸಿದ ಹಣ ಅದು. ಕೌನ್ಸಿಲ್ ಆ ಹಣ ಇನ್ನೂ ಅವಳ ಕೈಯಲ್ಲೇ ಇದೆ ಎಂದು ಎಣಿಸಿ, ಒಟ್ಟು 21,000 ಪೌಂಡ್ ಎಂದು ಲೆಕ್ಕ ಹಾಕಿ ಅರ್ಜಿಯನ್ನು ತಿರಸ್ಕರಿಸಿತು. ಪತ್ರ ಕೈಗೆ ಬಂದ ದಿನ ಅಕ್ಕ ಫೋನಿನಲ್ಲಿ, "ತಮ್ಮಾ, ಅವ್ವನ ಸಲುವಾಗಿ ಕೊಟ್ಟ ರೊಕ್ಕಕ್ಕ ನಾ ಯಾರಿಗೆ ಲೆಕ್ಕಾ ಒಪ್ಪಿಸಬೇಕು?" ಎಂದು ಅತ್ತಳು.

ನಾನು ಮೊದಲು ಹೋದದ್ದು ಇಲ್ಲಿಯೇ ಶುಲ್ಕ ತೆಗೆದುಕೊಳ್ಳುವ ಸಲಹೆಗಾರರೊಬ್ಬರ ಬಳಿ. ಕೊಟ್ಟು ಏಳು ವರ್ಷ ಆಗುವ ತನಕ ಏನೂ ಮಾಡಲು ಬರುವುದಿಲ್ಲ ಎಂದು ಅವರು ಖಚಿತವಾಗಿ ಹೇಳಿದರು. ಆ ಮಾತು ತಪ್ಪೆಂದು ತಿಳಿದದ್ದು ಸಲಹಾ ಕೇಂದ್ರದ ಮಹಿಳೆಯೊಬ್ಬರು ವಿಡಿಯೋ ಕರೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದಾಗ. ಏಳು ವರ್ಷದ ನಿಯಮ ಸತ್ತವರ ಆಸ್ತಿಯ ಮೇಲಿನ ತೆರಿಗೆಗೆ ಸಂಬಂಧಿಸಿದ್ದು. ಬಾಡಿಗೆ ನೆರವಿನಲ್ಲಿ ಅಂಥ ವರ್ಷಗಳ ಗಡುವೇ ಇಲ್ಲ. ಹತ್ತು ವರ್ಷದ ಹಿಂದೆ ಕೊಟ್ಟದ್ದನ್ನೂ ಅವರು ಕೇಳಬಹುದು, ಹೋದ ತಿಂಗಳು ಕೊಟ್ಟದ್ದನ್ನೂ ಬಿಟ್ಟುಬಿಡಬಹುದು. ನೋಡುವುದು ಉದ್ದೇಶವನ್ನು: ನೆರವು ಸಿಗಲಿ ಅಥವಾ ಹೆಚ್ಚಾಗಲಿ ಎಂಬುದು ಹಣ ಕೊಡುವಾಗ ಮನಸ್ಸಿನಲ್ಲಿದ್ದ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತೇ ಎಂಬುದನ್ನು.

ಲೆಕ್ಕವನ್ನೂ ಅವರು ಕಾಗದದ ಮೇಲೆ ಬರೆದು ತೋರಿಸಿದರು. ಪಿಂಚಣಿ ವಯಸ್ಸಿನವರಿಗೆ ಮೊದಲ 10,000 ಪೌಂಡ್ ಉಳಿತಾಯವನ್ನು ಎಣಿಸುವುದಿಲ್ಲ. ಅದರ ಮೇಲಿನ ಪ್ರತಿ 500 ಪೌಂಡಿಗೆ ವಾರಕ್ಕೆ 1 ಪೌಂಡ್ ಆದಾಯವಿದೆ ಎಂದು ಭಾವಿಸುತ್ತಾರೆ. 16,000 ದಾಟಿದರೆ ನೆರವೇ ಇಲ್ಲ. ಕಡಿಮೆ ಆದಾಯದ ಹಿರಿಯರಿಗೆ ಸರಕಾರ ಕೊಡುವ ಪೆನ್ಶನ್ ಕ್ರೆಡಿಟ್‌ನ ಗ್ಯಾರಂಟಿ ಭಾಗ ಪಡೆಯುವವರಿಗೆ ಈ ಮಿತಿ ಅನ್ವಯಿಸುವುದಿಲ್ಲ, ಆದರೆ ಅಕ್ಕನ ಸಣ್ಣ ಉದ್ಯೋಗ ಪಿಂಚಣಿಯಿಂದಾಗಿ ಅವಳು ಅದರ ಅಂಚಿನಿಂದ ಆಚೆ ಉಳಿದಿದ್ದಳು. ಅಂದರೆ ಆ 9,000 ಪೌಂಡ್ ಬಿಟ್ಟು ಎಣಿಸಿದರೆ ವಾರಕ್ಕೆ ಕೇವಲ 4 ಪೌಂಡಿನ ಲೆಕ್ಕದ ಆದಾಯ. ಸೇರಿಸಿ ಎಣಿಸಿದರೆ ಪೂರ್ತಿ ಬಾಡಿಗೆ ಅವಳ ತಲೆಯ ಮೇಲೆ.

ಈ ಕೇಂದ್ರದ ನಿಜವಾದ ಬೆಲೆ ನನಗೆ ತಿಳಿದದ್ದು ಅವರು ಕೇಳಿದ ಪ್ರಶ್ನೆಗಳಿಂದ. ಹಣ ಕಳಿಸಿದಾಗ ಅಕ್ಕ ಕೆಲಸದಲ್ಲಿದ್ದಳೇ, ಈ ನೆರವಿನ ವಿಷಯ ಅವಳಿಗೆ ಗೊತ್ತಿತ್ತೇ, ಹಣ ಬೇಕೆಂದು ಕೇಳಿದವರು ಯಾರು, ಹಣ ಯಾವ ದಿನ ಬಂತು, ಆಸ್ಪತ್ರೆಗೆ ಯಾವ ದಿನ ಕಟ್ಟಿದಿರಿ? ಟಾಚಣಿ ಚುಚ್ಚಿಟ್ಟಿದ್ದ ಆಸ್ಪತ್ರೆಯ ಬಿಲ್ಲುಗಳನ್ನು ನಾನು ಒಂದೊಂದಾಗಿ ಕ್ಯಾಮೆರಾ ಮುಂದೆ ಹಿಡಿದೆ; ಅವರು ಪ್ರತಿಯೊಂದರ ತಾರೀಖನ್ನೂ ಬ್ಯಾಂಕ್ ವಿವರದ ಸಾಲಿಗೆ ಹೊಂದಿಸಿ ಬರೆದುಕೊಂಡರು. ಹುಬ್ಬಳ್ಳಿಯ ಮನೆಯಲ್ಲಿ ಅಕ್ಕನಿಗೆ ಪಾಲಿದೆಯೇ ಎಂದೂ ಕೇಳಿದರು, ಏಕೆಂದರೆ ಹೊರದೇಶದ ಆಸ್ತಿಯೂ ಅಲ್ಲಿ ಬಂಡವಾಳವೇ. ಮನೆ ಅವ್ವ ತನ್ನ ಸಂಬಳದಲ್ಲಿ ಕೊಂಡದ್ದು, ಉತಾರದಲ್ಲಿ ಅವಳೊಬ್ಬಳದೇ ಹೆಸರಿದೆ. ಆ ಉತಾರವನ್ನೂ ಅನುವಾದ ಮಾಡಿಸಿ ಕಳಿಸಿದೆವು. ಸಾಲ ತೀರಿಸಲು ಕೊಟ್ಟ ಹಣವನ್ನು ಇನ್ನೂ ಕೈಯಲ್ಲೇ ಇದೆ ಎಂದು ಎಣಿಸುವುದಿಲ್ಲವೆಂದೂ, ಹೀಗೆ ಎಣಿಸಿದ ಹಣವೂ ಕಾಲ ಕಳೆದಂತೆ ನಿಯಮದ ಪ್ರಕಾರ ಇಳಿಯುತ್ತ ಹೋಗುತ್ತದೆಂದೂ ತಿಳಿಸಿದರು. ಒಂದು ಸುಳ್ಳನ್ನೂ ಬರೆಸಲಿಲ್ಲ, ಒಂದು ಸತ್ಯವನ್ನೂ ಮುಚ್ಚಿಡಿಸಲಿಲ್ಲ. ಅವರು ಸಿದ್ಧಪಡಿಸಿದ ಎರಡು ಪುಟದ ಪತ್ರವನ್ನು ಓದಿದ ಕೌನ್ಸಿಲ್ ತನ್ನ ತೀರ್ಮಾನವನ್ನು ಬದಲಿಸಿ, ಮೊದಲ ಅರ್ಜಿಯ ದಿನದಿಂದಲೇ ನೆರವು ಕೊಟ್ಟಿತು.

ಕೊರತೆ ಇಲ್ಲವೆಂದಲ್ಲ. ಮೊದಲ ಭೇಟಿಗೆ ಮೂರು ವಾರ ಕಾಯಬೇಕಾಯಿತು. ಮರುಪರಿಶೀಲನೆ ಕೇಳಲು ಇರುವುದು ಒಂದೇ ತಿಂಗಳು; ಅಷ್ಟರಲ್ಲಿ ಆ ಗಡುವು ತಪ್ಪಿಹೋಗಿದ್ದರೆ ಇಷ್ಟು ಒಳ್ಳೆಯ ಪತ್ರವೂ ದಾರಿ ಕಾಣದೆ ಉಳಿಯಬಹುದಿತ್ತು. ಗಡುವು ಹತ್ತಿರವಿರುವವರನ್ನು ಮೊದಲು ಕರೆಯುವ ವ್ಯವಸ್ಥೆ ಅವರಲ್ಲಿ ಇರಲೇಬೇಕು. ಅದಕ್ಕಾಗಿ ಐದರಲ್ಲಿ ನಾಲ್ಕು ಅಂಕ.

ಬರುವ ವರ್ಷ ನನ್ನ ಮಗಳ ಮದುವೆಗೆ 1,000 ಪೌಂಡ್ ಕೊಡಬೇಕೆಂಬುದು ಅಕ್ಕನ ಆಸೆ. ಉಳಿತಾಯ 12,000ದಿಂದ 11,000ಕ್ಕೆ ಇಳಿದರೆ ಅವಳ ಲೆಕ್ಕದ ಆದಾಯ ವಾರಕ್ಕೆ 2 ಪೌಂಡ್ ಕಡಿಮೆಯಾಗಿ ನೆರವು ಸ್ವಲ್ಪ ಏರುತ್ತದೆ, ಆದ್ದರಿಂದ ಅದೇ ಉದ್ದೇಶದ ಪ್ರಶ್ನೆ ಮತ್ತೆ ಏಳಬಹುದು. ಈ ಸಲ ಅಕ್ಕ ಹಣ ಕಳಿಸುವ ಮೊದಲೇ ಅದೇ ಸಲಹೆಗಾರರ ಸಮಯ ಕೇಳಿದ್ದಾಳೆ. ಲಗ್ನಪತ್ರಿಕೆಯ ಪ್ರತಿಯನ್ನು ನಾನು ಆಗಲೇ ಕಳಿಸಿಕೊಟ್ಟಿದ್ದೇನೆ.